ಅತಿಥಿಗೃಹದ ನಷ್ಟ ಯಾರ ಪಾಲಿಗೆ?

ಕೋವಿಡ್ ಮಹಾಮಾರಿಯು ಹೋಂ ಸ್ಟೇ ಎನ್ನಿಸಿಕೊಳ್ಳುವ ಅತಿಥಿಗೃಹಗಳ ವ್ಯಾಪಾರಕ್ಕೆ ಕೊನೆಗೆ ಒಳಿತನ್ನೇ ಮಾಡಿತೆಂದು ವಾದಿಸುವ ಮಹನೀಯರು ನಮ್ಮಲ್ಲಿ ಕೆಲವರುಂಟು. ದೊಡ್ಡ ಹೋಟೆಲುಗಳ ಜನಸಂದಣಿಗೆ ಅಂಜಿದ ಪಟ್ಟಣಿಗರು ಕೊಡಗಿನ ಕಾಫಿತೋಟದ ಒಂಟಿ ಮನೆಗಳನ್ನು ಅರಸಿ ಬಂದರು. ಕಚೇರಿಯ ಕೆಲಸವನ್ನು ಎಲ್ಲಿಂದಲಾದರೂ ಮಾಡಬಲ್ಲವರು ಎರಡು ದಿನಕ್ಕೆ ಬದಲಾಗಿ ವಾರಗಟ್ಟಲೆ ತಂಗಿದರು. ಬೇಡಿಕೆಯು ಸಾಯಲಿಲ್ಲ, ಮಗ್ಗುಲು ಬದಲಿಸಿತಷ್ಟೆ ಎಂಬುದು ಅವರ ವಾದ. ಇದರಲ್ಲಿ ಸುಳ್ಳಿಲ್ಲ. ಆದರೆ ಅದು ಮಗ್ಗುಲು ಬದಲಿಸುವಾಗ ಅಡಿಯಲ್ಲಿ ಸಿಕ್ಕಿ ನಲುಗಿದವರು ಯಾರೆಂಬುದನ್ನು ಅವರು ಕೇಳುವುದೇ ಇಲ್ಲ.

ಕೊಡಗಿನ ಗೃಹಸ್ಥನ ಲೆಕ್ಕವನ್ನು ನೋಡೋಣ. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಪ್ರವಾಸಿಗಳು ಬಾರದಾದರು. ೨೦೧೯ರ ಆಗಸ್ಟಿನಲ್ಲಿ ಮತ್ತೆ ನೆರೆ. ಕಾಫಿಯ ಬೆಲೆಯೊಂದನ್ನೇ ನಂಬಲಾರದೆ ಸಾಲಮಾಡಿ ಕೋಣೆ ಕಟ್ಟಿಸಿದ್ದವನು ೨೦೨೦ರ ಬೇಸಗೆಯನ್ನು ನೆಚ್ಚಿ ಕುಳಿತಿದ್ದನು. ಮಾರ್ಚ್ ೨೫ರಂದು ದೇಶವೇ ಬಾಗಿಲಿಕ್ಕಿತು. ಮಕ್ಕಳಿಗೆ ರಜೆ ದೊರೆಯುವ ಏಪ್ರಿಲ್, ಮೇ ತಿಂಗಳುಗಳೇ ಈ ಕಸುಬಿಗೆ ಸುಗ್ಗಿ. ೨೦೨೧ರಲ್ಲಿ ಎರಡನೆಯ ಅಲೆಯು ಬಂದೆರಗಿದ್ದೂ ಅದೇ ತಿಂಗಳುಗಳಲ್ಲಿ! ರಿಸರ್ವ್ ಬ್ಯಾಂಕು ಆರು ತಿಂಗಳ ಕಂತುಗಳನ್ನು ಮುಂದೂಡಲು ಅವಕಾಶವಿತ್ತಿತಲ್ಲವೇ ಎನ್ನಬಹುದು. ಕಂತು ನಿಂತಿತು, ಬಡ್ಡಿಯು ನಿಲ್ಲಲಿಲ್ಲ. ಅನಂತರ ಬಂದ ಪಟ್ಟಣಿಗರ ಹಣವು ಅಷ್ಟುಕಾಲ ತಾಳಿಕೊಂಡವನ ಕೈಸೇರಿತು. ಮುಚ್ಚಿಕೊಂಡು ಹೋದವನಿಗೆ ಬೇಡಿಕೆಯೆಂಬುದು ಪತ್ರಿಕೆಯಲ್ಲಿ ಓದುವ ವೃತ್ತಾಂತ ಮಾತ್ರ.

ಇನ್ನು ಮಧ್ಯವರ್ತಿಗಳ ಮಾತು. ಏರ್‌ಬಿಎನ್‌ಬಿ ಎಂಬ ಅಮೆರಿಕದ ಸಂಸ್ಥೆಯು ಪರರ ಮನೆಗಳನ್ನು ಬಾಡಿಗೆಗೆ ಕುದುರಿಸಿ ದಲಾಲಿ ಪಡೆಯುವುದು. ಕೊಡಗಿನ ಮನೆಗಳೂ ಅದರ ಪಟ್ಟಿಯಲ್ಲುಂಟು. ೨೦೨೦ರ ಮಾರ್ಚಿನಲ್ಲಿ ಅದು, ರೋಗದ ನಿಮಿತ್ತ ಪ್ರವಾಸವನ್ನು ಬಿಟ್ಟವರಿಗೆ ಪೂರ್ತಿ ಹಣವನ್ನು ಹಿಂದಿರುಗಿಸಲು ನಿಶ್ಚಯಿಸಿತು. ಅಂಥ ಕಾಲದಲ್ಲಿ ಅದು ನ್ಯಾಯವೇ ಸರಿ. ಆದರೆ ಧರ್ಮ ಮಾಡಿದ್ದು ಮನೆಯೊಡೆಯರ ಗಂಟಿನಿಂದ. ಅವರು ಕೂಗಿಕೊಂಡ ಮೇಲೆ ೨೫ ಕೋಟಿ ಡಾಲರುಗಳ ಪರಿಹಾರವನ್ನು ಸಾರಿತು. ದೊಡ್ಡ ಮೊತ್ತವೆನ್ನಿಸೀತು, ಆದರೆ ಕರಾರಿನಂತೆ ಅವರಿಗೆ ಸಲ್ಲಬೇಕಾಗಿದ್ದ ರದ್ದತಿಯ ಹಣದಲ್ಲಿ ಕಾಲುಪಾಲು ಮಾತ್ರ. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯ ಷೇರುಗಳು ಪೇಟೆಗೆ ಬಂದವು. ಮೊದಲ ದಿನವೇ ಅದರ ಬೆಲೆಯು ೮,೦೦೦ ಕೋಟಿ ಡಾಲರುಗಳನ್ನು ಮೀರಿತು. ಮಹಾಮಾರಿಯಿಂದ ಒಳಿತಾಯಿತೆನ್ನುವ ಮಹನೀಯರು ಯಾರ ಒಳಿತನ್ನು ಎಣಿಸುತ್ತಿರುವರೋ ತಿಳಿಯದು.

ಅತಿಥಿಯು ಬಾರದೆ ಹೋದರೆ ಮುಂಗಡದಲ್ಲಿ ಮನೆಯೊಡೆಯನಿಗೆ ಉಳಿಯುವುದೆಷ್ಟು, ದಲ್ಲಾಳಿಯು ಹೊರುವುದೆಷ್ಟು ಎಂಬುದನ್ನು ಕೊಡಗಿನವರು ಒಟ್ಟುಗೂಡಿ ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ಅಲ್ಲಿಯ ತನಕ ತೋಟದ ಪತ್ರವನ್ನು ಅಡವಿಟ್ಟು ಮತ್ತೊಂದು ಕೋಣೆಯನ್ನು ಯಾರೂ ಕಟ್ಟಿಸದಿರಲಿ.