ಗಾಡಿಯ ಸದ್ದು ಹೆಚ್ಚಾದರೆ ಓಟವೂ ಹೆಚ್ಚಾಗುತ್ತದೆಯೇ?

ಮೊನ್ನೆ ಹತ್ತನೇ ತರಗತಿಯ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಬಂದ. ಅದರಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಬಾನೆಟ್ ಎತ್ತಿ, ಕಂಪನಿಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಅದರ ಜಾಗದಲ್ಲಿ ಶಂಕುವಿನ ಆಕಾರದ ಬೇರೆ ಫಿಲ್ಟರ್ ಕೂಡಿಸುತ್ತಾರೆ. ರೇಸ್ ಮಾಡಿದ ಕೂಡಲೇ ಹುಲಿ ಗುರುಗುಟ್ಟಿದ ಹಾಗೆ ಸದ್ದು. "ಸರ್, ಹೀಂಗ ಮಾಡಿದ್ರ ಪಿಕಪ್ ಭಾಳ ಹೆಚ್ಚಾಗ್ತದಂತ. ನಮ್ಮಪ್ಪನ ಗಾಡಿಗೂ ಹಾಕ್ಸೂಣು ಅಂತ ಅಣ್ಣ ಅಂತಾನ. ಖರೇನ್ರಿ?"

ನಮ್ಮ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಸ್ಪೋರ್ಟ್ಸ್ ಕಾರು ಎಲ್ಲಿಂದ ಬರಬೇಕು? ಆದರೆ 100 ಸಿಸಿ ಬೈಕು ಮನೆಮನೆಗೂ ಇದೆ. ಅದೇ ನಮೂನೆಯ ಫಿಲ್ಟರ್ ಬೈಕಿಗೂ ಸಿಗುತ್ತದೆ. ಹಾಕಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ನೀವೇ ಲೆಕ್ಕ ಹಾಕಿ ನೋಡ್ರಿ.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅಂದರೆ ಲೀಟರಿಗೆ ಹತ್ತಿರಹತ್ತಿರ 11 ಕಿಲೋ ಗಾಳಿ. ಸೋಲಾಪುರದ 40 ಡಿಗ್ರಿ ಬಿಸಿಲಿನಲ್ಲಿ ಒಂದು ಘನ ಮೀಟರ್ ಗಾಳಿ ಒಂದು ಕಿಲೋಗಿಂತ ತುಸುವೇ ಹೆಚ್ಚು ತೂಗುತ್ತದೆ. ಹಾಗಾಗಿ ಒಂದು ಲೀಟರ್ ಪೆಟ್ರೋಲ್ ಉರಿಸಲು ಇಂಜಿನ್ ಸುಮಾರು 10,000 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಊರಿಗೆ ನೀರು ತರುವ ದೊಡ್ಡ ಟ್ಯಾಂಕರ್ ನೋಡಿದ್ದೀರಲ್ಲ, ಅದರ ತುಂಬ ಗಾಳಿ!

"ಗಾಳಿಯ ದಾರಿ ಸಲೀಸು ಮಾಡಿದರೆ ಶಕ್ತಿ ಹೆಚ್ಚುತ್ತದೆ" ಎಂದು ಫಿಲ್ಟರ್ ಮಾರುವವರು ಹೇಳುವುದು ಸುಳ್ಳೇನಲ್ಲ. ಗಾಳಿ ಹೆಚ್ಚು ಬಂದರೆ ಪೆಟ್ರೋಲೂ ಹೆಚ್ಚು ಉರಿಸಬಹುದು. ಪ್ರಶ್ನೆ ಇರುವುದು ಎಷ್ಟು ಹೆಚ್ಚುತ್ತದೆ ಎಂಬುದರಲ್ಲಿ. ಕಂಪನಿಯ ಸ್ವಚ್ಛ ಫಿಲ್ಟರ್ ಗಾಳಿಯನ್ನು ಶೇಕಡಾ 2ರಷ್ಟು ತಡೆಯುತ್ತದೆ ಎಂದೇ ಹಿಡಿಯೋಣ. ಆ 2 ಸಿಗುವುದೂ ಎಕ್ಸಿಲೇಟರ್ ಪೂರ್ತಿ ತಿರುವಿ, ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಉಳಿದ ಹೊತ್ತು ಗಾಳಿಯನ್ನು ತಡೆಯುವುದು ಫಿಲ್ಟರ್ ಅಲ್ಲ, ಎಕ್ಸಿಲೇಟರ್ ಕೇಬಲ್‌ಗೆ ಕಟ್ಟಿದ ಥ್ರಾಟಲ್. ನಳ ಅರ್ಧ ಮುಚ್ಚಿಟ್ಟು, ಟಾಕಿಯ ಪೈಪು ದಪ್ಪ ಹಾಕಿಸಿದರೆ ಕೊಡ ಬೇಗ ತುಂಬೀತೇ?

ಇನ್ನು ಉಷ್ಣತೆ. ಕಂಪನಿಯವರು ಆ ಡಬ್ಬಿಯನ್ನು ಸುಮ್ಮನೆ ಇಟ್ಟಿರುವುದಿಲ್ಲ. ಇಂಜಿನ್ನಿನ ಝಳ ತಾಗದ ಕಡೆಯಿಂದ ಗಾಳಿ ಬರುವ ಹಾಗೆ ಕೂಡಿಸಿರುತ್ತಾರೆ. ಡಬ್ಬಿ ತೆಗೆದು ಬಯಲು ಫಿಲ್ಟರ್ ಹಾಕಿದರೆ ಅದು ಕಾದ ಇಂಜಿನ್ನಿನ ಮಗ್ಗುಲಲ್ಲೇ ಕೂಡುತ್ತದೆ. ಹೊರಗೆ 40 ಡಿಗ್ರಿ ಇದ್ದು, ಫಿಲ್ಟರ್ ಹತ್ತಿರ 60 ಡಿಗ್ರಿ ಆಯಿತೆನ್ನಿ. ಕೆಲ್ವಿನ್‌ನಲ್ಲಿ 313 ಮತ್ತು 333. ಭಾಗಿಸಿರಿ: 0.94. ಶೇಕಡಾ 6ರಷ್ಟು ಗಾಳಿ ಅಲ್ಲೇ ಕಡಿಮೆ! ಗಳಿಸಿದ್ದು 2, ಕಳೆದದ್ದು 6.

ಕೆಲವು ಸ್ಪೋರ್ಟ್ಸ್ ಕಾರುಗಳ ಬಾನೆಟ್ ಮೇಲೆ ಬಾಯಿ ತೆರೆದ ಹಾಗೆ ಒಂದು ಗೂಡು ಇರುತ್ತದೆ. ಓಡುವಾಗ ಗಾಳಿ ತಾನೇ ಒಳಗೆ ನುಗ್ಗುತ್ತದೆ ಅಂತಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಾಗೆ ಸಿಗುವ ಹೆಚ್ಚಿನ ಒತ್ತಡ ಸುಮಾರು 400 ಪಾಸ್ಕಲ್. ವಾತಾವರಣದ ಒತ್ತಡ ಲಕ್ಷ ಪಾಸ್ಕಲ್‌ಗೆ ಹತ್ತಿರ. ಅರ್ಧ ಪರ್ಸೆಂಟೂ ಆಗಲಿಲ್ಲ.

ಹಾಗಾದರೆ ಹಾಕಿಸಿಕೊಂಡವರೆಲ್ಲ "ಗಾಡಿ ಹಾರ್ತದ" ಅಂತ ಯಾಕೆ ಹೇಳುತ್ತಾರೆ? ಆ ಡಬ್ಬಿ ಇನ್ನೊಂದು ಕೆಲಸ ಮಾಡುತ್ತದೆ, ಇಂಜಿನ್ ಗಾಳಿ ಎಳೆಯುವ ಸದ್ದನ್ನು ನುಂಗುತ್ತದೆ. ಡಬ್ಬಿ ಹೋಯಿತು, ಸದ್ದು ಬಂತು. ಕಿವಿ ಅದನ್ನೇ ವೇಗ ಅಂತ ತಿಳಿಯಿತು. ನನಗೂ ಕಾಲೇಜು ದಿನಗಳಲ್ಲಿ ಹೀಗೇ ಆಗಿತ್ತು.

ರೇಸಿನ ಕಾರುಗಳ ಮಾತು ಬೇರೆ. ಕ್ಯಾಮ್, ಸೈಲೆನ್ಸರ್, ಪೆಟ್ರೋಲ್ ಅಳೆದು ಬಿಡುವ ಕಂಪ್ಯೂಟರ್, ಎಲ್ಲವನ್ನೂ ಬದಲಿಸಿದ ಇಂಜಿನ್ನಿಗೆ ಹಳೆಯ ಗಾಳಿದಾರಿ ಸಾಲುವುದಿಲ್ಲ. ಅಲ್ಲಿ ದೊಡ್ಡ ಇಂಟೇಕ್ ಬೇಕೇ ಬೇಕು. ನಿಮ್ಮಪ್ಪನ ಗಾಡಿಯಲ್ಲಿ ಏನೂ ಬದಲಾಗಿಲ್ಲವಲ್ಲ! ಕಾರ್ಬ್ಯುರೇಟರ್ ಇದ್ದರೆ ಮಿಶ್ರಣ ಕೆಟ್ಟು ಇಂಜಿನ್ ಮಿಸ್ ಹೊಡೆಯಬಹುದು. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಾದರೆ ಸೆನ್ಸರು ಸ್ವಲ್ಪ ಮಟ್ಟಿಗೆ ಸರಿ ಮಾಡಿಕೊಳ್ಳುತ್ತದೆ, ಅಷ್ಟೇ.

ನನ್ನ ನಿಜವಾದ ಚಿಂತೆ ಧೂಳಿನದು. ಜೋಳದ ರಾಶಿ ಆಗುವಾಗ, ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುವಾಗ ನಮ್ಮ ದಾರಿಗಳು ಹೇಗಿರುತ್ತವೆ ನಿಮಗೆ ಗೊತ್ತು. ಆ ಟ್ಯಾಂಕರ್ ತುಂಬ ಗಾಳಿಯ ಜೊತೆ ಧೂಳೂ ಇರುತ್ತದೆ. ಅದರ ಗಟ್ಟಿ ಕಣಗಳು ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ಸಿಕ್ಕರೆ ಉಸುಕಿನ ಕಾಗದದ ಹಾಗೆ ಉಜ್ಜುತ್ತವೆ. ಟ್ರ್ಯಾಕ್ಟರ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ಮೊದಲು ಸುತ್ತಿಸಿ ದೊಡ್ಡ ಕಣ ಬೀಳಿಸಿ, ಆಮೇಲೆ ಎಣ್ಣೆಯ ಬಟ್ಟಲಿನ ಮೂಲಕ ಹಾಯಿಸುತ್ತಾರೆ. ಅಗ್ಗದ ಬಯಲು ಫಿಲ್ಟರಿನ ಜಾಳಿಗೆ ಸಣ್ಣ ಧೂಳನ್ನು ಹಿಡಿಯಲಾರದು. ನಾನು ಕಾಲೇಜಿನಲ್ಲಿದ್ದಾಗ ಹಾಕಿಸಿದ್ದೂ ಅಂಥದ್ದೇ. ಎರಡು ವರ್ಷಕ್ಕೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಆಯಿಲ್ ಉರಿಯತೊಡಗಿತ್ತು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಲು ಅಪ್ಪನ ಮುಂದೆ ಕೈಚಾಚಬೇಕಾಯಿತು. ಹಾಲು, ಸಂತೆ, ದವಾಖಾನೆ ಎಲ್ಲದಕ್ಕೂ ಮನೆಯಲ್ಲಿದ್ದದ್ದು ಅದೊಂದೇ ಗಾಡಿ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಹೊಸದು ಕೊಳ್ಳುವ ಮೊದಲು ಇದ್ದ ಡಬ್ಬಿ ಬಿಚ್ಚಿ ನೋಡ್ರಿ. ಫೋಮ್ ಇದ್ದರೆ ತೊಳೆದು ಒಣಗಿಸಿ ಎಣ್ಣೆ ಹಚ್ಚಿರಿ, ಕಾಗದದ್ದಾದರೆ ತೊಳೆಯಬೇಡಿ, ಬದಲಿಸಿರಿ. ಮರುದಿನ ಅವನು ಹಳೇ ಫಿಲ್ಟರನ್ನೇ ಕೈಚೀಲದಲ್ಲಿ ತಂದ. ಟೇಬಲ್ ಮೇಲೆ ಬಡಿದರೆ ಕರಿ ಮಣ್ಣು, ಜೋಳದ ಹೊಟ್ಟು ಉದುರಿತು. ಪಿಕಪ್ ಎಲ್ಲಿ ಹೋಗಿತ್ತು ಅಂತ ಇಡೀ ತರಗತಿಗೆ ಗೊತ್ತಾಯಿತು.

ಅವನ ಅಣ್ಣ ಇನ್ನೂ ಒಪ್ಪಿಲ್ಲವಂತೆ. ಒಪ್ಪಬೇಕಂತಲೂ ಇಲ್ಲ. ಈಗ ಸ್ವಚ್ಛ ಫಿಲ್ಟರ್ ಹಾಕಿ ಟಾಕಿ ಫುಲ್ ಮಾಡಿಸಿ, ಎಷ್ಟು ಕಿ.ಮೀ.ಗೆ ಎಷ್ಟು ಪೆಟ್ರೋಲ್ ಹಿಡಿಯಿತು ಅಂತ ಒಂದು ವಹಿಯಲ್ಲಿ ಬರೆದಿಡುತ್ತಿದ್ದಾನೆ. ಸ್ನೇಹಿತನ ಬಯಲು ಫಿಲ್ಟರಿನ ಗಾಡಿಯದೂ ಲೆಕ್ಕ ಇಟ್ಟಿದ್ದಾನೆ. "ಎರಡು ಗಾಡಿ ಬೇರೆಬೇರೆ, ಹೋಲಿಕೆ ನಡೆಯೂದಿಲ್ಲ ಸರ್" ಅಂತ ತಮ್ಮನೇ ತಕರಾರು ತೆಗೆದಿದ್ದಾನೆ. ತಕರಾರು ಸರಿಯಾಗಿಯೇ ಇದೆ.