ವೇಷ ಮರೆಸಿಕೊಂಡ ಆರ್‌ಎನ್‌ಎ

ಮುಪ್ಪಿನಲ್ಲಿ ಕಣ್ಣಿಗೆ ಬರುವ ರೋಗಗಳಲ್ಲಿ ಒಂದು ಬಹು ಕ್ರೂರವಾದುದು. ಅದು ದೃಷ್ಟಿಯ ಅಂಚನ್ನು ಉಳಿಸಿ ನಡುವನ್ನೇ ಅಪಹರಿಸುವುದು. ಬಾಗಿಲಿನ ಚೌಕಟ್ಟು ಕಾಣುವುದು. ಬಾಗಿಲಲ್ಲಿ ನಿಂತ ಮೊಮ್ಮಗನ ಮುಖ ಕಾಣದು. ಅಕ್ಷಿಪಟಲದ ಅಡಿಯಲ್ಲಿ ಬೇಡದ ರಕ್ತನಾಳಗಳು ಚಿಗುರಿ ಸೋರುವುದೇ ಈ ರೋಗದ ಒಂದು ಬಗೆಗೆ ಕಾರಣ. ಅವನ್ನು ಚಿಗುರಿಸುವ ಪ್ರೋಟೀನನ್ನು ಹಿಡಿದು ಕಟ್ಟುವ ಪೆಗಾಪ್ಟನಿಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದೇಶದಲ್ಲಿ ಅನುಮತಿ ದೊರೆಯಿತು. ಮುಂದೆ ಅದಕ್ಕಿಂತ ಗುಣಕಾರಿಯಾದವು ಬಂದು ಅದು ಹಿಂದೆ ಸರಿಯಿತಾದರೂ, ಆಪ್ಟಮರ್ ಎಂಬ ಹೊಸ ಜಾತಿಯ ಔಷಧಗಳಲ್ಲಿ ಮೊದಲನೆಯದೆಂಬ ಕೀರ್ತಿ ಅದರದೇ.

ಆಪ್ಟಮರ್ ಎಂದರೇನು? ಆರ್‌ಎನ್‌ಎಯು ನಾಲ್ಕೇ ಅಕ್ಷರಗಳಿಂದ ಪೋಣಿಸಿದ ಎಳೆ. ಜೀವಕೋಶದಲ್ಲಿ ಸಂದೇಶವನ್ನು ಒಯ್ಯುವುದು ಅದರ ಕೆಲಸವೆಂದು ಪಾಠಪುಸ್ತಕಗಳು ಹೇಳುವುವು. ಆದರೆ ಆ ಎಳೆ ತನ್ನಮೇಲೆ ತಾನೇ ಮಡಿಸಿಕೊಂಡು, ಬೀಗಕ್ಕೆ ಬೀಗದಕೈಯಂತೆ, ಒಂದು ವಸ್ತುವಿಗೆ ಮಾತ್ರ ಒಪ್ಪುವ ಆಕಾರವನ್ನೂ ತಾಳಬಲ್ಲುದು. 1990ರಲ್ಲಿ ಟ್ಯೂರ್ಕ್ ಮತ್ತು ಗೋಲ್ಡ್ ಎಂಬವರೂ, ಬೇರೆಯಾಗಿ ಎಲಿಂಗ್ಟನ್ ಮತ್ತು ಷೋಸ್ತಾಕ್ ಎಂಬವರೂ, ಅಸಂಖ್ಯ ಎಳೆಗಳನ್ನು ಒಟ್ಟಿಗೆ ಬೆರಸಿ, ಬೇಕಾದ ವಸ್ತುವಿಗೆ ಅಂಟಿದವನ್ನು ಮಾತ್ರ ಉಳಿಸಿ, ಅವನ್ನೇ ಬೆಳೆಸಿ, ಮತ್ತೆ ಮತ್ತೆ ಆರಿಸಿದರು. ನಮ್ಮ ಹೆಂಗಸರು ಮೊರದಲ್ಲಿ ಕೇರುವುದೂ ಇದೇ ನ್ಯಾಯ. ಲ್ಯಾಟಿನಿನಲ್ಲಿ 'ಆಪ್ಟಸ್' ಎಂದರೆ ಹೊಂದಿಕೊಂಡದ್ದು. ನಮ್ಮ 'ಆಪ್ತ' ಶಬ್ದವು ಕಿವಿಗೆ ಹತ್ತಿರವೆಂದು ನಾವು ಇಲ್ಲಿ ವ್ಯುತ್ಪತ್ತಿ ಕಟ್ಟಲು ಹೋಗುವುದಿಲ್ಲ.

ತೊಡಕಿರುವುದು ತಯಾರಿಕೆಯಲ್ಲಿ. ಯಂತ್ರದಲ್ಲಿ ಒಂದೊಂದೇ ಅಕ್ಷರವನ್ನು ರಾಸಾಯನಿಕವಾಗಿ ಜೋಡಿಸಬೇಕು. ಎಳೆ ಉದ್ದವಾದಷ್ಟೂ ನಷ್ಟ ಹೆಚ್ಚು, ವೆಚ್ಚ ಹೆಚ್ಚು. ಹಾಗಾದರೆ ಈ ಕೆಲಸವನ್ನು ಜೀವಕೋಶಕ್ಕೇ ಒಪ್ಪಿಸಬಾರದೇಕೆ? ನಮ್ಮ ಕರುಳಿನಲ್ಲಿ ವಾಸಿಸುವ ಈ.ಕೋಲಿ ಎಂಬ ಬ್ಯಾಕ್ಟೀರಿಯವು ಒಳ್ಳೆಯ ಆಹಾರ ದೊರೆತರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುದು. ಕೂಲಿ ಕೇಳದ ಕೆಲಸಗಾರ! ಆದರೆ ಅದು ತನ್ನೊಳಗಿನ ಸಂದೇಶದ ಎಳೆಗಳನ್ನು ಕೆಲವೇ ನಿಮಿಷಗಳಲ್ಲಿ ಹರಿದು ಹಾಕುವುದು. ಅದರ ತಪ್ಪೂ ಅಲ್ಲ. ನಿನ್ನೆಯ ಅಪ್ಪಣೆಗಳೆಲ್ಲ ಉಳಿದರೆ ಇಂದಿನ ಸಂಸಾರ ನಡೆಯುವುದೆಂತು?

2007ರಲ್ಲಿ ಪ್ಯಾರಿಸ್ಸಿನ ಪೋನ್ಷೋಂ ಮತ್ತು ದಾರ್ದೆಲ್ ಎಂಬವರು ಇದಕ್ಕೆ ಮಾಡಿದ ಉಪಾಯವು ವಿರಾಟಪರ್ವವನ್ನು ನೆನಪಿಗೆ ತರುವುದು. ಕೋಶದಲ್ಲಿ ಟಿಆರ್‌ಎನ್‌ಎ ಎಂಬ ಇನ್ನೊಂದು ಜಾತಿಯ ಆರ್‌ಎನ್‌ಎಯುಂಟು. ಅದು ಗಟ್ಟಿಯಾಗಿ ಮಡಿಸಿಕೊಂಡು ಕೋಶದ ನಿತ್ಯಸೇವೆಯಲ್ಲಿರುವುದರಿಂದ ಕತ್ತರಿಸುವ ಕಿಣ್ವಗಳು ಅದರ ತಂಟೆಗೆ ಹೋಗವು. ಪ್ಯಾರಿಸ್ಸಿನವರು ಅದರ ಒಂದು ಕೊಂಬೆಯನ್ನು ತೆಗೆದು, ತಮಗೆ ಬೇಕಾದ ಆರ್‌ಎನ್‌ಎಯನ್ನು ಅಲ್ಲಿ ಕಸಿಮಾಡಿದರು. ಅರಮನೆಯ ಕಾವಲಿಗೆ ಕಂಡದ್ದು ಬೃಹನ್ನಳೆ, ಒಳಗಿದ್ದವನು ಅರ್ಜುನ. ಹೀಗೆ ಉಳಿದ ಎಳೆಯು ಕೋಶದಲ್ಲಿ ರಾಶಿಯಾಗುವುದು.

ವೇಷದೊಳಗಿದ್ದರೂ ಆಪ್ಟಮರ್ ತನ್ನ ಆಕಾರವನ್ನು ಮರೆಯದೆಂಬುದಕ್ಕೆ 2011ರಲ್ಲಿ ಕಣ್ಣಿಗೇ ಸಾಕ್ಷಿ ದೊರೆಯಿತು. ನ್ಯೂಯಾರ್ಕಿನ ಸೇಮೀ ಜ್ಯಾಫ್ರಿಯವರ ತಂಡವು, ಒಂದು ವರ್ಣದ್ರವ್ಯವನ್ನು ಹಿಡಿದ ಕೂಡಲೇ ಹಸುರಾಗಿ ಹೊಳೆಯುವ ಆಪ್ಟಮರನ್ನು ಇದೇ ವೇಷದಲ್ಲಿ ಕಳುಹಿಸಲು, ಜೀವಂತ ಕೋಶಗಳು ಹಸುರಾಗಿ ಬೆಳಗಿದುವು. ಅದಕ್ಕಿಟ್ಟ ಹೆಸರು ಪಾಲಕ್ ಸೊಪ್ಪಿನದು. ವಿಜ್ಞಾನಿಗಳೂ ಸಂತೆಗೆ ಹೋಗುವರೆಂದು ತಿಳಿದು ನಮಗೆ ಸಂತೋಷವಾಯಿತು.

ಇನ್ನು ನ್ಯಾನೊ ಕಣಗಳ ವಿಚಾರ. ಫೈ29 ಎಂಬ ವೈರಸ್ಸಿನಲ್ಲಿ, ಡಿಎನ್‌ಎಯನ್ನು ಅದರ ತಲೆಯೊಳಗೆ ತುರುಕುವ ಯಂತ್ರಕ್ಕೆ ಸಹಾಯಕವಾದ ಆರ್‌ಎನ್‌ಎಯನ್ನು ಪೈಶ್ವಾನ್ ಗ್ವೋ ಮೊದಲಾದವರು 1987ರಲ್ಲಿ ಕಂಡುಹಿಡಿದರು. ಮೂರು ಎಳೆಗಳು ಕೂಡುವ ಅದರ ಕವಲನ್ನು ಗ್ವೋ ಅವರ ತಂಡವು 2011ರಲ್ಲಿ ಬೇರ್ಪಡಿಸಿ ನೋಡಲು, ಯೂರಿಯದ ದ್ರಾವಣದಲ್ಲಿಯೂ ಅದು ಬಿಚ್ಚಲಿಲ್ಲ. ಮೂರು ತುದಿಗಳಿಗೆ ಮೂರು ಆಪ್ಟಮರುಗಳನ್ನಾಗಲಿ ಬೇರೆ ಔಷಧಗಳನ್ನಾಗಲಿ ಕಟ್ಟಬಹುದು. 2014ರಲ್ಲಿ ಅಂತಹ ರಚನೆಗಳನ್ನೂ ಈ.ಕೋಲಿಯೊಳಗೇ ಮಡಿಸಿ ತೆಗೆದರು.

ಇಷ್ಟಾದರೂ ನಾಳೆಯೇ ಔಷಧದ ಬೆಲೆ ಇಳಿಯುವುದೆಂದು ಮನೆಯ ಹಿರಿಯರಿಗೆ ಆಸೆ ಹುಟ್ಟಿಸುವುದು ನಮಗೆ ಸರಿತೋರದು. ಪೆಗಾಪ್ಟನಿಬ್ಬಾಗಲಿ, 2023ರಲ್ಲಿ ಕಣ್ಣಿಗಾಗಿಯೇ ಅನುಮತಿ ಪಡೆದ ಎರಡನೆಯ ಆಪ್ಟಮರಾಗಲಿ, ರಾಸಾಯನಿಕವಾಗಿ ಹೆಣೆದು ಕವಚ ತೊಡಿಸಿದವು. ಬ್ಯಾಕ್ಟೀರಿಯವು ಆ ಕವಚವನ್ನು ಹೆಣೆಯಲಾರದು. ಅಲ್ಲದೆ ಈ.ಕೋಲಿಯ ಹೊದಿಕೆಯಲ್ಲಿ ಜ್ವರವನ್ನೆಬ್ಬಿಸುವ ವಿಷವೊಂದುಂಟು. ಕೋಶವನ್ನೊಡೆದು ಆರ್‌ಎನ್‌ಎಯನ್ನು ತೆಗೆದಾಗ ಅದೂ ಜೊತೆಗೆ ಬರುವುದು. ಕಣ್ಣಿನೊಳಗೆ ಸೂಜಿಯಿಂದ ಹಾಕುವ ಔಷಧದಲ್ಲಿ ಅದರ ಸೋಂಕೂ ಉಳಿಯಕೂಡದು. ಆ ಶುದ್ಧೀಕರಣದ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿದ ಮೇಲೆಯೇ ಈ ಕೂಲಿ ಕೇಳದ ಕೆಲಸಗಾರನು ಎಷ್ಟು ಅಗ್ಗವೆಂದು ಹೇಳಬಹುದು.