ಹೆಬ್ಬಾತಿನ ಪೆಟ್ರೋಲು

ಜನವರಿಯ ಒಂದು ಭಾನುವಾರ ಹುಬ್ಬಳ್ಳಿಯಿಂದ ಬೈಕಿನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿದ್ವಿ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಕೆರೆ. ಗೆಳೆಯ "ಹಾರೂದನ್ನ ಹಿಡೀಬೇಕಲೇ" ಅಂತ ಚಪ್ಪಾಳೆ ತಟ್ಟಿದ. ಪಟ್ಟೆತಲೆ ಹೆಬ್ಬಾತುಗಳು ಒಮ್ಮೆಗೇ ಎದ್ದವು. ಫೋಟೋ ಚೆನ್ನಾಗಿ ಬಂತು. ನನಗೆ ಮಾತ್ರ ಕಸಿವಿಸಿ.

ಮಂಗೋಲಿಯಾ, ಟಿಬೆಟ್ ಕಡೆ ಚಳಿಗೆ ನೀರು ಹೆಪ್ಪುಗಟ್ಟಿದಾಗ ಇವು ಹಿಮಾಲಯ ದಾಟಿ ಬರುತ್ತವೆ. ತಣ್ಣನೆಯ ಗಾಳಿ ದಟ್ಟ, ರೆಕ್ಕೆಗೆ ಆಸರೆ ಹೆಚ್ಚು. ಅದಕ್ಕೇ ಹೆಚ್ಚಾಗಿ ರಾತ್ರಿ, ಬೆಳಗಿನ ಜಾವ ಪರ್ವತ ಏರುತ್ತವೆ. ಬೆಟ್ಟ-ಕಣಿವೆಗಳ ಏರಿಳಿತದ ಜೊತೆಗೇ ಹಾರಿ ಶಕ್ತಿ ಉಳಿಸುತ್ತವೆ. ಇಲ್ಲಿನ ಹೊಲಗಳಲ್ಲಿ ಮೇದು ಕಟ್ಟಿಕೊಂಡ ಕೊಬ್ಬೇ ವಾಪಸ್ ಹೊರಡಲು ಪೆಟ್ರೋಲು.

ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತೆ, ಹಾರಾಟ ದುಬಾರಿಯಾಗುತ್ತೆ. ಅದನ್ನು ನಾನೊಬ್ಬ ತಡೆಯಲಾರೆ, ಚಪ್ಪಾಳೆ ತಡೆಯಬಹುದಿತ್ತು. ಬೆಳೆ ಕಳಕೊಳ್ಳೋ ರೈತ ಓಡಿಸಿದರೆ ಅರ್ಥವಿದೆ. ನಮ್ಮ ಒಂದು ಫೋಟೋಗೆ? ಏನಂತೀರಿ?